ಒಳ್ಳೆಯತನಕ್ಕೆ ಎಷ್ಟು ಹೆಸರು!

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ನಮ್ಮಂಥ ಉಪಾಧ್ಯಾಯಿನಿಯರಿಗೆ ಟಿ.ಸಿ. ಬರೆಯುವ ಕೆಲಸ ಶುರುವಾಗುತ್ತದೆ. ಮಗುವಿನ ಹೆಸರು, ತಂದೆ ತಾಯಿಯರ ಹೆಸರು, ಹುಟ್ಟಿದ ತಾರೀಖು, ಓದಿದ ತರಗತಿ ಇವೆಲ್ಲ ಆದ ಮೇಲೆ ಕೊನೆಯಲ್ಲಿ 'ನಡತೆ' ಎಂದು ಒಂದು ಕಲಮು ಇರುತ್ತದೆ. ಅದರ ಮುಂದೆ ನಾವು ಬರೆಯುವುದು ಒಂದೇ ಮಾತು: 'ಉತ್ತಮ'. ಬೆಂಚಿನ ಕೆಳಗೆ ಸಿಕ್ಕಿದ ಐವತ್ತು ರೂಪಾಯಿಯನ್ನು ತಂದು ಮೇಜಿನ ಮೇಲಿಟ್ಟ ಹುಡುಗಿಯ ನಡತೆಯೂ ಉತ್ತಮ, ವರ್ಷವಿಡೀ ಪಕ್ಕದವನ ಲೆಕ್ಕ ನೋಡಿ ಬರೆದ ಹುಡುಗನ ನಡತೆಯೂ ಉತ್ತಮ. ಕಾಯಿಲೆಯ ಗೆಳತಿಗಾಗಿ ಒಂದು ತಿಂಗಳು ನೋಟ್ಸು ಬರೆದುಕೊಟ್ಟವಳಿಗೂ ಅದೇ, ಯಾರ ತಂಟೆಗೂ ಹೋಗದೆ ಮೂಲೆಯಲ್ಲಿ ಕುಳಿತು ಎದ್ದುಹೋದವಳಿಗೂ ಅದೇ. ಮಕ್ಕಳ ಮುಂದಿನ ದಾರಿಗೆ ಅಡ್ಡಿ ಬರಬಾರದೆಂದು ಹಾಗೆ ಬರೆಯುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬರೆಯುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ನಮ್ಮ ಅಜ್ಜಿಯ ಕಾಲದ ಅಡುಗೆಮನೆಯಲ್ಲಿ ಬಳ್ಳ, ಸೇರು, ಪಾವು, ಚಟಾಕು ಎಂದು ಒಂದೊಂದಕ್ಕೆ ಒಂದೊಂದು ಅಳತೆಯಿತ್ತು. ಈಗ ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯುತ್ತೇವೆ. ಮನುಷ್ಯರ ಗುಣವನ್ನು ಅಳೆಯುವ ಮಾತುಗಳಿಗೂ ಹಾಗೆಯೇ ಆಗಿದೆಯಲ್ಲವೆ?

ಕನ್ನಡಕ್ಕೆ ಈ ಬಡತನ ಹುಟ್ಟಿನಿಂದ ಬಂದದ್ದಲ್ಲ. ಸಾವಿರ ವರ್ಷಗಳ ಹಿಂದೆ ಒಬ್ಬರನ್ನು ಒಳ್ಳೆಯವರು ಎನ್ನಬೇಕಾದರೆ ನಮ್ಮವರ ಬಳಿ ಹತ್ತಾರು ಮಾತುಗಳಿದ್ದವು. ಕೊಡುವವನಿಗೆ ಒಂದು, ಸುಳ್ಳಾಡದವನಿಗೆ ಒಂದು, ಉಂಡ ಮನೆಯನ್ನು ಮರೆಯದವನಿಗೆ ಒಂದು. 'ನಡತೆ' ಎಂಬ ಮಾತನ್ನೇ ನೋಡಿ. 'ನಡೆ' ಎಂಬುದರಿಂದ ಹುಟ್ಟಿದ್ದು. ಮನುಷ್ಯ ಹೇಗೆ ಹೆಜ್ಜೆ ಇಡುತ್ತಾನೆ ಎಂಬುದೇ ಅವನ ಗುಣ. ನಡೆಯ ಜೊತೆಗೆ ನುಡಿಯನ್ನು ಸೇರಿಸಿ 'ನಡೆನುಡಿ' ಎಂದರು. ಎರಡೂ ಒಂದಾಗಿರಬೇಕು ಎಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಮತ್ತೆ ಮತ್ತೆ ಹೇಳಿದರು. ಹೀಗೆ ಒಂದು ಜೋಡಿಪದದಲ್ಲೇ ಒಂದು ನೀತಿಶಾಸ್ತ್ರ ಅಡಗಿದೆ.

ಒಬ್ಬ ಮನುಷ್ಯನ ನಡತೆಯನ್ನು ಕನ್ನಡದಲ್ಲಿ ಬಣ್ಣಿಸಿರುವ ಬಹಳ ಹಳೆಯ ಬರಹ ಬಾದಾಮಿಯಲ್ಲಿದೆ. ಅಲ್ಲಿನ ತಟ್ಟುಕೋಟೆಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಹತ್ತು ಸಾಲುಗಳ ಶಾಸನ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1881ರಲ್ಲಿ ಅದನ್ನು ಓದಿ ಪ್ರಕಟಿಸಿದರು. ಅದು ಕಪ್ಪೆ ಅರಭಟ್ಟ ಎಂಬವನನ್ನು ಕುರಿತದ್ದು. ಅವನು ಯಾವ ಯುದ್ಧ ಗೆದ್ದ, ಯಾವ ಊರು ಆಳಿದ ಎಂಬುದನ್ನು ಶಾಸನ ಹೇಳುವುದೇ ಇಲ್ಲ. ಹೇಳುವುದು ಅವನ ಗುಣವನ್ನು ಮಾತ್ರ. ಸಾಧುವಾದವರಿಗೆ ಅವನು ಸಾಧು, ಸವಿಯಾಗಿ ನಡೆದುಕೊಳ್ಳುವವರಿಗೆ ಸವಿ, ಪೀಡಿಸಲು ಬಂದವರಿಗೆ ಮಾತ್ರ ಮೈಮೇಲೆ ಬೀಳುವ ಸಿಂಹ. ಮಾನ ಕಳೆದುಕೊಂಡು ಬದುಕುವುದಕ್ಕಿಂತ ಸಾವು ಲೇಸು ಎಂದು ನಂಬಿದವನು. 'ಒಳ್ಳಿತ್ತು' ಎಂಬ ಮಾತು ಅಲ್ಲಿದೆ. ಅದರ ಎದುರಿಗೆ 'ಪೊಲ್ಲ' ಎಂಬ ಮಾತೂ ಇದೆ, ಅಂದರೆ ಕೆಟ್ಟದ್ದು. ಪೊಲ್ಲ ನಮ್ಮ ಕಡೆಯ ಬಾಯಿಮಾತಿನಿಂದ ಮರೆಯಾಯಿತು, ಒಳ್ಳಿತು ಮಾತ್ರ 'ಒಳ್ಳೇದು' ಆಗಿ ದಿನಕ್ಕೆ ನೂರು ಸಲ ನಮ್ಮ ನಾಲಿಗೆಯ ಮೇಲೆ ಬರುತ್ತಿದೆ. ಇನ್ನೊಂದು ಸಂತೋಷದ ಸಂಗತಿಯೆಂದರೆ ಆ ಶಾಸನದ ಪದ್ಯಗಳು ತ್ರಿಪದಿಯಲ್ಲಿವೆ. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡು ಬಂದ ಮಟ್ಟು ಅದೇ. ತವರನ್ನೂ ಗಂಡನ ಮನೆಯನ್ನೂ ಹೊಗಳಿದ ಮಟ್ಟಿನಲ್ಲೇ ಒಬ್ಬ ಸಜ್ಜನನನ್ನೂ ಹೊಗಳಿದ್ದಾರೆ.

ಬಾದಾಮಿ ನಮಗೆ ದೂರವಾಯಿತು. ಸೂಲಿಬೆಲೆಯ ಸುತ್ತಲಿನ ಸೀಮೆಯನ್ನೇ ನೋಡೋಣ. ನಮ್ಮ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆಚೆಗೆ ಕೋಲಾರ ಇವೆಲ್ಲ ಗಂಗರು ಆಳಿದ ನೆಲ. ಕೋಲಾರ ಅವರ ಮೊದಲ ರಾಜಧಾನಿ, ಆಮೇಲೆ ತಲಕಾಡು. ಎಂಟನೆಯ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ನೆಲಮಂಗಲ ತಾಲ್ಲೂಕಿನ ಮಣ್ಣೆಯೂ ರಾಜಧಾನಿಯಾಗಿತ್ತು. ಆಗ ಅದರ ಹೆಸರು ಮಾನ್ಯಪುರ. ಈ ಗಂಗರ ಹೆಸರುಗಳನ್ನು ಒಂದು ಸಾಲಿನಲ್ಲಿ ಬರೆದು ಮಕ್ಕಳಿಗೆ ಅರ್ಥ ಕೇಳುವುದು ನನಗೆ ಪ್ರಿಯವಾದ ಪಾಠ. ಮೊದಮೊದಲು ಅವಿನೀತ ಎಂಬ ದೊರೆ, ಅವನ ಮಗ ದುರ್ವಿನೀತ. ವಿನಯವಿಲ್ಲದವನು, ಕೆಟ್ಟ ವಿನಯದವನು! 'ಅವರಮ್ಮ ಯಾಕೆ ಮಿಸ್ ಹಂಗೆ ಹೆಸರಿಟ್ಟರು?' ಎಂದು ಮಕ್ಕಳು ನಗುತ್ತಾರೆ. ಶತ್ರುವಿಗೆ ತಲೆಬಾಗದವನು ಎಂಬ ಹೆಮ್ಮೆಯಿಂದ ಇಟ್ಟುಕೊಂಡ ಹೆಸರಿರಬೇಕು. ಸೋಜಿಗವೆಂದರೆ ಈ ದುರ್ವಿನೀತನ ಹೆಸರು ಕವಿರಾಜಮಾರ್ಗದಲ್ಲಿ ಹಳೆಯ ಕನ್ನಡ ಗದ್ಯ ಲೇಖಕರ ಸಾಲಿನಲ್ಲಿ ಬರುತ್ತದೆ. ಹೆಸರಿನಲ್ಲಿ ವಿನಯವಿಲ್ಲದವನು ವಿದ್ಯೆಯಲ್ಲಿ ದೊಡ್ಡವನಾಗಿದ್ದ.

ಒಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಹೆಸರುಗಳ ಧಾಟಿಯೇ ಬದಲಾಗುತ್ತದೆ. ರಾಚಮಲ್ಲನಿಗೆ 'ಸತ್ಯವಾಕ್ಯ' ಎಂಬ ಬಿರುದು, ಅವನ ಮಗ ಎರೆಗಂಗನಿಗೆ 'ನೀತಿಮಾರ್ಗ' ಎಂಬ ಬಿರುದು. ಅವರ ನಂತರದ ದೊರೆಗಳೂ ಇವನ್ನೇ ಒಬ್ಬರಾದ ಮೇಲೊಬ್ಬರು ಧರಿಸಿದರು. ಆಡಿದ ಮಾತಿಗೆ ತಪ್ಪದವನು, ನ್ಯಾಯದ ದಾರಿ ಬಿಡದವನು. ಎಲ್ಲರೂ ಹಾಗೆ ಬಾಳಿದರೆಂದು ಯಾರೂ ನಂಬಬೇಕಾಗಿಲ್ಲ. ಆದರೆ ಸಿಂಹಾಸನಕ್ಕೆ ತೋಳಿನ ಬಲವೊಂದೇ ಸಾಲದು, ಮಾತಿನ ಬಲವೂ ಬೇಕು ಎಂದು ಆ ಕಾಲದ ಜನ ಬಯಸಿದ್ದರೆಂಬುದಕ್ಕೆ ಈ ಬಿರುದುಗಳೇ ಸಾಕ್ಷಿ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು, ಕ್ರಿ.ಶ. 978ರಲ್ಲಿ ಗದ್ಯದಲ್ಲಿ ಒಂದು ಪುರಾಣ ಬರೆದ. ಯುದ್ಧಗಳಲ್ಲಿ ಗಳಿಸಿದ ಬಿರುದುಗಳನ್ನು ಹೇಳಿಕೊಂಡವನು, ತಮಾಷೆಗೂ ಸುಳ್ಳಾಡದ ಕಾರಣ ತನಗೆ 'ಸತ್ಯಯುಧಿಷ್ಠಿರ' ಎಂಬ ಹೆಸರು ಬಂತೆಂದೂ ಹೇಳಿಕೊಂಡಿದ್ದಾನೆ. ಯುದ್ಧ ಗೆಲ್ಲುವುದು ಎಷ್ಟು ಕಷ್ಟವೋ ತಮಾಷೆಗೂ ಸುಳ್ಳಾಡದಿರುವುದು ಅಷ್ಟೇ ಕಷ್ಟ ಎಂಬುದು ಸಂಸಾರ ಮಾಡಿದವರಿಗೆಲ್ಲ ಗೊತ್ತು!

ಸತ್ಯ ಎಂಬುದು ಸಂಸ್ಕೃತದಿಂದ ಬಂದ ಮಾತು. ಅಚ್ಚಗನ್ನಡದಲ್ಲಿ ಅದಕ್ಕೆ 'ನನ್ನಿ' ಎನ್ನುತ್ತಿದ್ದರು. ಎಷ್ಟು ಮುದ್ದಾದ ಮಾತು! ಪಂಪ 941ರಲ್ಲಿ ಮುಗಿಸಿದ ಭಾರತದಲ್ಲಿ ಕರ್ಣನನ್ನು ನೆನೆಯುವುದು ಮುಖ್ಯವಾಗಿ ಎರಡು ಗುಣಗಳಿಗೆ, ನನ್ನಿ ಮತ್ತು ಚಾಗ. ಚಾಗ ಎಂದರೆ ಸಂಸ್ಕೃತದ ತ್ಯಾಗ ಕನ್ನಡದ ಬಾಯಿಗೆ ಒಗ್ಗಿದ ರೂಪ. ಆದರೆ ಅರ್ಥದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಮೂಡಿತು. ತ್ಯಾಗ ಎಂದರೆ ಬಿಡುವುದು, ಚಾಗ ಎಂದರೆ ಕೈಯೆತ್ತಿ ಕೊಡುವುದು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನನ್ನಿಯ ಕಥೆ ಇನ್ನೂ ಸ್ವಾರಸ್ಯದ್ದು. ತಮಿಳಿನಲ್ಲೂ ಮಲಯಾಳದಲ್ಲೂ ಇದೇ ಬೇರಿನ ಮಾತಿದೆ, ಅಲ್ಲಿ ಅದಕ್ಕೆ ಕೃತಜ್ಞತೆ ಎಂದು ಅರ್ಥ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸಮ್ಮಂದಿರು ಒಬ್ಬರಿಗೊಬ್ಬರು 'ನನ್ನಿ' ಎನ್ನುವುದನ್ನು ನೀವೂ ಕೇಳಿರಬಹುದು. 'ನಲ್', ಅಂದರೆ ಒಳ್ಳೆಯದು, ಎಂಬ ಒಂದೇ ಬೇರಿನಿಂದ ನೆರೆಮನೆಯವರು ಉಪಕಾರಸ್ಮರಣೆಯನ್ನು ಆರಿಸಿಕೊಂಡರು, ನಾವು ಸತ್ಯವನ್ನು ಆರಿಸಿಕೊಂಡೆವು. ಆಮೇಲೆ ನಾವು ಆ ಮಾತನ್ನೇ ಕೈಬಿಟ್ಟೆವು.

ಉಪಕಾರಸ್ಮರಣೆಗೆ ನಮ್ಮಲ್ಲಿ ಬೇರೆ ಮಾತಿತ್ತು, 'ಜೋಳವಾಳಿ'. ಯಾರ ಮನೆಯ ಜೋಳ ಉಂಡೆವೋ ಅವರಿಗೆ ಸಲ್ಲಿಸಬೇಕಾದ ನಿಷ್ಠೆ. ಒಡೆಯನಿಗಾಗಿ ಸಮಯ ಬಂದಾಗ ಪ್ರಾಣ ಕೊಡುತ್ತೇನೆಂಬ ಪ್ರತಿಜ್ಞೆಗೆ 'ವೇಳೆವಾಳಿ' ಎನ್ನುತ್ತಿದ್ದರು. ಈ ಮಾತುಗಳು ಊಟದ ತಟ್ಟೆಯಿಂದ ಎದ್ದು ಬಂದು ಕಾವ್ಯದಲ್ಲಿ ಕುಳಿತವು. ನಮ್ಮ ಸೀಮೆ ರಾಗಿಯ ಸೀಮೆ, ಇಲ್ಲಿ ಹುಟ್ಟಿದ್ದರೆ 'ರಾಗಿವಾಳಿ' ಎಂದಾಗುತ್ತಿತ್ತೋ ಏನೋ. ಮಾತು ಹೋದರೂ ಭಾವ ಹೋಗಿಲ್ಲ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆಯಲ್ಲಿ ಅದು ಉಳಿದಿದೆ.

ಜೋಳವಾಳಿಯನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಆತಕೂರಿನ ಶಾಸನವಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಆ ಕಲ್ಲನ್ನು ನಾನು ಮಕ್ಕಳಿಗೆ ತೋರಿಸಿದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗನ ನೆರವಿನಿಂದ ಚೋಳರನ್ನು ಸೋಲಿಸಿದ. ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ಒಡೆಯ ಏನು ಬೇಕಾದರೂ ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ನಾಯಿಗೆ ವೀರಗಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿವೆ. ಅದನ್ನು ನೋಡಿದ ಒಬ್ಬ ಹುಡುಗ, 'ನಾಯಿಗಿರೋ ನಿಯತ್ತು ಮನುಷ್ಯರಿಗಿಲ್ಲ ಅಂತ ನಮ್ಮಜ್ಜಿ ಯಾವಾಗ್ಲೂ ಅಂತಾರೆ ಮಿಸ್' ಎಂದ. ನನಗೆ ರೋಮಾಂಚನವಾಯಿತು. ನಿಯತ್ತು ಅರಬ್ಬಿ ಮಾತು. ಅಲ್ಲಿ ಅದಕ್ಕೆ ಮನಸ್ಸಿನ ಸಂಕಲ್ಪ ಎಂದು ಅರ್ಥ. ಉರ್ದುವಿನ ಹಾದಿಯಲ್ಲಿ ನಮ್ಮ ಹಳ್ಳಿಗಳಿಗೆ ಬಂದು ಪ್ರಾಮಾಣಿಕತೆಯ ಹೆಸರಾಯಿತು. ಜೋಳವಾಳಿ ಬಿಟ್ಟುಹೋದ ಜಾಗದಲ್ಲಿ ನಿಯತ್ತು ಬಂದು ಕುಳಿತಿದೆ. ಒಳ್ಳೆಯತನಕ್ಕೆ ಯಾವ ಮನೆಯ ಮಾತಾದರೇನು?

ಮಾತು ಹೀಗೆ ಊರೂರು ಅಲೆಯುವುದು ನಮ್ಮಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ಹಳೆಯ ಭಾಷೆಯಲ್ಲಿ ನಿಷ್ಠಾವಂತರಿಗೆ 'ಲೀಲ್' ಎನ್ನುತ್ತಿದ್ದರು, ಸೌಮ್ಯವಾದ ಮರ್ಯಾದಸ್ಥರಿಗೆ 'ಡೂಸ್' ಎನ್ನುತ್ತಿದ್ದರು. ಎರಡೂ ಫ್ರೆಂಚ್ ನಾಡಿನಿಂದ ಬಂದವು. ಡೂಸ್ ಎಂದರೆ ಮೂಲದಲ್ಲಿ ಸಿಹಿ, ನಮ್ಮ ಅರಭಟ್ಟನ ಮಾಧುರ್ಯವೇ ಸರಿ! ಇಂಗ್ಲಿಷಿನ ನೆರಳಿನಲ್ಲಿ ಈ ಮಾತುಗಳು ಮಂಕಾಗುತ್ತಿದ್ದಾಗ ಜಾಮೀಸನ್ ಎಂಬ ಪಾದ್ರಿ 1808ರಲ್ಲಿ ಅವನ್ನೆಲ್ಲ ಒಂದು ನಿಘಂಟಿನಲ್ಲಿ ಕೂಡಿಹಾಕಿದರು. ಅಲ್ಲಿಯ ಕರೋಲಿನಾ ಓಲಿಫೆಂಟ್ ಎಂಬಾಕೆ, ಮದುವೆಯಾದ ಮೇಲೆ ಲೇಡಿ ನೇರ್ನ್, ಸ್ವರ್ಗವನ್ನು 'ಲೀಲ್ ಜನರ ನಾಡು' ಎಂದು ಕರೆದು ಹಾಡು ಕಟ್ಟಿದಳು. ಆ ಹಾಡು ದೇಶವೆಲ್ಲ ಹಬ್ಬಿತು, ಬರೆದವಳ ಹೆಸರು ಮಾತ್ರ ಹೊರಬರಲಿಲ್ಲ. ಹೆಣ್ಣು ಹಾಡು ಬರೆದು ಹೆಸರು ಹಾಕಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು ಗಂಡನಿಗೂ ಹೇಳದೆ ಗುಟ್ಟಾಗಿಟ್ಟಳಂತೆ. ಒಳ್ಳೆಯ ಹೆಂಗಸು ಎಂದರೆ ಕಾಣಿಸಿಕೊಳ್ಳದವಳು ಎಂಬ ಲೆಕ್ಕ ಅಲ್ಲಿಯೂ ಇತ್ತು.

ಈಗ ನನಗೆ ಮುಖ್ಯವೆನಿಸಿದ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ ನನ್ನಿ, ಚಾಗ, ಬೀರ, ಜೋಳವಾಳಿ ಇವೆಲ್ಲ ಯಾರಿಗೆ ಸಲ್ಲುತ್ತಿದ್ದವು? ಬಹುಮಟ್ಟಿಗೆ ಗಂಡಸರಿಗೆ. ಹೆಂಗಸರಿಗೆ ಮೀಸಲಾಗಿದ್ದ ಮಾತುಗಳು ಬೇರೆ. 'ಪದಿಬದೆ' ಎಂದರೆ ಪತಿವ್ರತೆ, ಆಮೇಲೆ ಅದೇ 'ಹದಿಬದೆ' ಆಯಿತು. ಗಂಡ ಸತ್ತಾಗ ಬೆಂಕಿಗೆ ಹಾರಿದವಳು 'ಮಹಾಸತಿ', ಬಾಯಿಮಾತಿನಲ್ಲಿ ಮಾಸ್ತಿ. ಬಳೆ ತೊಟ್ಟ ಒಂದು ಕೈ ಮೇಲೆತ್ತಿದ ಮಾಸ್ತಿಕಲ್ಲುಗಳು ಹೊಲದ ಬದುವಿನಲ್ಲಿ, ಊರ ಮುಂದೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಗಂಡಸಿನ ಒಳ್ಳೆಯತನ ಅವನು ಊರಿಗೆ ಮಾಡಿದ ಕೆಲಸದಲ್ಲಿ, ಹೆಂಗಸಿನ ಒಳ್ಳೆಯತನ ಅವಳು ಗಂಡನಿಗೆ ಹೇಗಿದ್ದಳು ಎಂಬುದರಲ್ಲಿ.

ಆದರೆ ಈ ಕಟ್ಟನ್ನು ದಾಟಿದ ಹೆಂಗಸರೂ ಇದ್ದರು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾಳುಕ್ಯರ ಸೇನಾನಿ ನಾಗದೇವನಿಗೆ ಇಬ್ಬರು ಹೆಂಡತಿಯರು, ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಇಬ್ಬರೂ ಅಕ್ಕತಂಗಿಯರು. ನಾಗದೇವ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದಳು. ಆ ಕಾಲದ ನಾಲಿಗೆಗಳು ಅವಳನ್ನು ಏನೆಂದಿದ್ದಾವು ಎಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಅವಳು ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದಳು. ಪೊನ್ನನ ಶಾಂತಿಪುರಾಣ ಅಳಿದುಹೋದೀತೆಂದು ಅದರ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಅಲ್ಲಿನ 1007ರ ಶಾಸನ ಅವಳನ್ನು ಹೊಗಳುತ್ತದೆ. ನಾಡು ಅವಳಿಗೆ ಕೊಟ್ಟ ಹೆಸರು 'ದಾನಚಿಂತಾಮಣಿ'. ಈ ಹೆಸರಿನಲ್ಲಿ ಗಂಡನ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಿ. ಚಾಗಿ ಎಂದು ಗಂಡಸರನ್ನು ಹೊಗಳುತ್ತಿದ್ದ ಅದೇ ಗುಣಕ್ಕೆ ಒಬ್ಬ ಹೆಂಗಸು ಹೆಸರಾದಳು. ನಮ್ಮ ರಾಜ್ಯ ಸರ್ಕಾರ ಲೇಖಕಿಯರಿಗೆ ಒಂದು ದೊಡ್ಡ ಪ್ರಶಸ್ತಿಯನ್ನು ಅವಳ ಹೆಸರಿನಲ್ಲಿಟ್ಟಿರುವುದು ಸರಿಯಾಗಿಯೇ ಇದೆ.

ಅತ್ತಿಮಬ್ಬೆ ಸಿರಿವಂತೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಬಡವಿ. ಗಂಡ ಮಾರಯ್ಯನದು ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಹದಿಬದೆಯ ಲೆಕ್ಕದಲ್ಲಿ ನೋಡಿದರೆ ಗಂಡನಿಗೆ ಎದುರಾಡಿದವಳು. ಆದರೆ ಶರಣರ ಲೆಕ್ಕದಲ್ಲಿ ಅವಳು ಗಂಡನಿಗೇ ದಾರಿ ತೋರಿದವಳು. ಮುಂದೆ ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಹೆಸರೇ ಹೇಳುವಂತೆ ಅದು ಪತಿವ್ರತೆಯ ನಡತೆಗೆ ಬರೆದ ಕೈಪಿಡಿ. ಅದರೊಳಗೇ ಅವಳು, ನಿಮ್ಮನ್ನು ಹೆತ್ತವಳೂ ಹೊರೆದವಳೂ ಹೆಣ್ಣೇ ಅಲ್ಲವೆ, ಮತ್ತೇಕೆ ಹೆಣ್ಣೆಂದರೆ ತಾತ್ಸಾರ ಎಂದು ಕೇಳಿಬಿಟ್ಟಳು. ತನಗೆ ಕೊಟ್ಟ ಮಾತಿನ ಚೌಕಟ್ಟಿನೊಳಗೇ ಕುಳಿತು, ಕಿಟಕಿಯೊಂದನ್ನು ತೆರೆದವಳು ಆಕೆ.

ಸೈರಣೆ ಎಂಬ ಮಾತಿನ ಗತಿಯನ್ನೂ ನೋಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಇತರರ ವಿಚಾರವನ್ನೂ ಇತರರ ಧರ್ಮವನ್ನೂ ಸೈರಿಸಿಕೊಳ್ಳುವುದೇ ನಿಜವಾದ 'ಕಸವರ', ಅಂದರೆ ಚಿನ್ನ, ಎಂಬ ಮಾತು ಬರುತ್ತದೆ. ಅಲ್ಲಿ ಸೈರಣೆ ನಾಡಿಗೆಲ್ಲ ಬೇಕಾದ ಗುಣ, ಬಲವಿದ್ದವರು ತೋರಿಸಬೇಕಾದ ಗುಣ. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅದು ಸೊಸೆಗೆ ಹೇಳುವ ಬುದ್ಧಿಮಾತಾಗಿದೆ. 'ಸ್ವಲ್ಪ ಸೈರಿಸಿಕೊಂಡು ಹೋಗಮ್ಮ' ಎಂದು ಮಾವನಿಗೆ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ! ಹೀಗೆ ಅರ್ಥ ಜಾರಿದ ಮಾತುಗಳು ಇನ್ನೂ ಇವೆ. 'ಪೆರ್ಮೆ' ಎಂದರೆ ಹಿರಿತನ, ದೊಡ್ಡಗುಣ. ಅದು ಹೆಮ್ಮೆಯಾಗಿ ಬರಬರುತ್ತಾ ಜಂಬದ ನೆರೆಗೆ ಬಂದು ನಿಂತಿತು. 'ನಚ್ಚು' ಎಂದರೆ ನಂಬಿಕೆ. ನೆಚ್ಚಿನ ಬಂಟ ಎಂದರೆ ನಂಬಿಕೆಯ ಬಂಟ. ಈಗ ನೆಚ್ಚಿನ ನಟ, ನೆಚ್ಚಿನ ತಿಂಡಿ ಎಂದು ಬರೆಯುವವರಿಗೆ ನಂಬಿಕೆಯ ನೆನಪೇ ಇಲ್ಲ.

ಎಲ್ಲವೂ ಹೋಗಿಬಿಟ್ಟಿತು ಎಂದು ಕೊರಗಬೇಕಾಗಿಲ್ಲ. ನಮ್ಮ ಹಳ್ಳಿಗಳ ಹೆಂಗಸರ ಬಾಯಲ್ಲಿ ಇನ್ನೂ ಜೀವಂತ ಮಾತುಗಳಿವೆ. 'ನಾಣ್ಯಸ್ಥೆ' ಎನ್ನುತ್ತಾರೆ. ತೂಕದಲ್ಲೂ ಲೋಹದಲ್ಲೂ ಮೋಸವಿಲ್ಲದ ನಾಣ್ಯದಂಥವಳು. 'ಅಪರಂಜಿ' ಎನ್ನುತ್ತಾರೆ, ಪುಟಕ್ಕಿಟ್ಟ ಚಿನ್ನ. 'ಕೈ ಶುದ್ಧ, ಬಾಯಿ ಶುದ್ಧ' ಎನ್ನುತ್ತಾರೆ. ನನಗೆ ಬಹಳ ಇಷ್ಟವಾದದ್ದು 'ಗಟ್ಟಿಗಿತ್ತಿ'. ಕಷ್ಟ ಬಂದಾಗ ಕುಸಿಯದೆ ಮನೆಯನ್ನು ನಿಲ್ಲಿಸಿದವಳು. ಪಂಡಿತರ ಕಾವ್ಯಗಳಲ್ಲಿ ಹೆಣ್ಣಿಗೆ ಸಿಗದ ಬೀರ ಎಂಬ ಗುಣ ಈ ಮಾತಿನಲ್ಲಿ ಸಿಕ್ಕಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು, ಹುಡುಗಿಯ ಗುಣ ವಿಚಾರಿಸಲೆಂದು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಹಿರಿಯಾಕೆ, 'ಹುಡ್ಗಿ ಒಳ್ಳೆವಳಾ ಮೇಡಂ?' ಎಂದರು. 'ಸುಳ್ಳು ಹೇಳುವವಳಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ' ಎಂದೆ. ಆಕೆಯ ಮುಖ ಚಿಕ್ಕದಾಯಿತು. 'ಹಂಗಾದ್ರೆ ಎದುರು ಮಾತಾಡ್ತಾಳೆ ಅನ್ನಿ' ಎಂದರು. ಗಂಗರ ದೊರೆಗಳು ಬಿರುದಾಗಿ ಧರಿಸಿದ ಗುಣ ಆ ಹುಡುಗಿಯಲ್ಲಿ ದೋಷವಾಗಿ ಕಂಡಿತು. ಆ ಸಂಬಂಧ ಮುಂದುವರಿಯಲಿಲ್ಲ. ಈಗ ಅವಳು ಪಕ್ಕದ ಹಳ್ಳಿಯ ಸೊಸೆ, ಅಲ್ಲಿನ ಮಹಿಳಾ ಹಾಲಿನ ಡೇರಿಯ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದ್ದರೆ ಸ್ವಂತ ಅತ್ತೆಯ ಕ್ಯಾನನ್ನೂ ವಾಪಸು ಕಳಿಸುತ್ತಾಳಂತೆ. ಅವಳ ಅತ್ತೆಯೇ ನನಗೆ ಇದನ್ನು ನಗುತ್ತಾ ಹೇಳಿ, 'ನಾಣ್ಯಸ್ಥೆ ಕಣ್ ಮೇಡಮ್ಮ, ಏನ್ಮಾಡೋದು!' ಎಂದರು. ಆ 'ಏನ್ಮಾಡೋದು' ಎಂಬುದರಲ್ಲಿ ಎಷ್ಟು ಅಭಿಮಾನವಿತ್ತು!

ಒಳ್ಳೆಯವಳು ಎಂಬ ಒಂದೇ ಮಾತಿಗೆ ಎಲ್ಲವನ್ನೂ ತುರುಕಿದರೆ ಆಗುವ ನಷ್ಟ ಮಾತಿನ ನಷ್ಟ ಮಾತ್ರವಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯ ರಾಗಿ ಹೊಲಗಳಿಗೆ, ಹಿಪ್ಪುನೇರಳೆ ತೋಟಗಳಿಗೆ ಬಂದ ಬೆಲೆ ನಿಮಗೆ ಗೊತ್ತೇ ಇದೆ. ಜಮೀನು ಮಾರುವ ದಿನ ಅಕ್ಕತಂಗಿಯರಿಗೆ ತವರಿನಿಂದ ಕರೆ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮಕ್ಕೆಂದು ಕೊಟ್ಟಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. 'ನಮ್ಮ ಹುಡ್ಗಿ ಬಲು ಒಳ್ಳೆವ್ಳು, ಒಂದ್ ಮಾತಾಡ್ದೆ ಸೈನ್ ಹಾಕಿದ್ಲು' ಎಂದು ಊರೇ ಹೊಗಳುತ್ತದೆ. ಕೇಳಿದವಳಾದರೆ ಒಳ್ಳೆಯವಳಲ್ಲ, ತವರಿನ ಬಾಗಿಲು ಮುಚ್ಚಿಕೊಂಡವಳು.

ಕಾನೂನು ಬೇರೆಯ ಮಾತು ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ಕಾಯಿದೆ ಆ ತಡೆಯನ್ನೂ ತೆಗೆಯಿತು. ತಂದೆ ಆ ದಿನ ಬದುಕಿದ್ದಿರಬೇಕೇ ಎಂಬ ಗೊಂದಲ ಬಹಳ ವರ್ಷ ಉಳಿದಿತ್ತು. ಹಾಗೇನೂ ಇಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು ಜನ ಗುರುತಿಸುವುದು ವಿನೀತಾ ಶರ್ಮಾ ಪ್ರಕರಣ ಎಂದು. ವಿನೀತಾ ಎಂದರೆ ವಿನಯವುಳ್ಳವಳು! ಅವಿನೀತ, ದುರ್ವಿನೀತರು ಆಳಿದ ನೆಲದಲ್ಲಿ ಕುಳಿತು ಈ ಹೆಸರನ್ನು ಓದಿದಾಗ ನನಗೆ ಸಂತೋಷವಾಯಿತು. ಪಾಲು ಕೇಳಿದರೆ ವಿನಯ ಹೋಗುವುದಿಲ್ಲ ಎಂಬುದಕ್ಕೆ ಹೆಸರೇ ಸಾಕ್ಷಿಯಾಗಿ ನಿಂತಂತಿದೆ.

ಅಣ್ಣತಮ್ಮಂದಿರ ಮೇಲಿನ ಪ್ರೀತಿಯಿಂದ ತನ್ನ ಪಾಲನ್ನು ಬಿಟ್ಟುಕೊಡುವ ಹೆಣ್ಣುಮಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಗೆ ಕೊಡುವುದೂ ಒಂದು ದೊಡ್ಡಗುಣವೇ. ಆದರೆ ಅದಕ್ಕೆ ಚಾಗ ಎಂಬ ಹೆಸರು ಸಲ್ಲಬೇಕಾದರೆ ಅದು ತನ್ನದು ಎಂದು ಅವಳಿಗೆ ಮೊದಲು ಗೊತ್ತಿರಬೇಕು, ಮನೆಯವರೂ ಒಪ್ಪಿರಬೇಕು. ಕರ್ಣ ಕೊಟ್ಟದ್ದು ತನ್ನ ಮೈಮೇಲಿನ ಕವಚವನ್ನು. ಅತ್ತಿಮಬ್ಬೆ ಕೊಟ್ಟದ್ದು ತನ್ನ ಕೈಯಲ್ಲಿದ್ದ ಹೊನ್ನನ್ನು. ತನ್ನದೆಂದು ತಿಳಿಯದ್ದನ್ನು ಬಿಟ್ಟುಬರುವುದಕ್ಕೆ ಹಳಗನ್ನಡದಲ್ಲಿ ಯಾವ ಬಿರುದೂ ಇಲ್ಲ.

ಕಿಟ್ಟೆಲ್ ಪಾದ್ರಿಗಳು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲಿ ಈ ಮಾತುಗಳಲ್ಲಿ ಬಹಳಷ್ಟು ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಮುಗಿಯಿತು. ಅದರ ಹಿಂದೆ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿದ ಮೇಲೂ ಪದಗಳ ಅರ್ಥ ಹೇಳುತ್ತಲೇ ಇದ್ದು 2021ರಲ್ಲಿ ತೀರಿಕೊಂಡರು. ಅಂದರೆ ಮಾತುಗಳು ಕಳೆದುಹೋಗಿಲ್ಲ, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಯಂತೆ ಇವೆ. ಆಗಾಗ ತೆಗೆದು ಉಡಬೇಕು, ಅಷ್ಟೆ. ನಾನು ತರಗತಿಯಲ್ಲಿ ತಿಂಗಳಿಗೊಂದು ದಿನ ಮಕ್ಕಳಿಗೆ ಹೇಳುತ್ತೇನೆ, ಪಕ್ಕದಲ್ಲಿ ಕೂತವರಲ್ಲಿ ಕಂಡ ಒಂದು ಗುಣಕ್ಕೆ ಒಂದು ಮಾತು ಹುಡುಕಿ ಬರೆಯಿರಿ, 'ಒಳ್ಳೆಯವನು', 'ಒಳ್ಳೆಯವಳು' ಎಂದು ಮಾತ್ರ ಬರೆಯಬೇಡಿ ಎಂದು. ಮೊದಲು ತಡಬಡಾಯಿಸುತ್ತಾರೆ. ಆಮೇಲೆ ಪಕ್ಕದವರನ್ನು ತಿರುಗಿ ನೋಡುತ್ತಾರೆ. ನೋಡಿದ ಮೇಲೆ ಮಾತು ಸಿಗುತ್ತದೆ.

ನೀವೂ ನಿಮ್ಮ ಮನೆಯಲ್ಲಿ ಮಾಡಿ ನೋಡಿ. ಮಗಳನ್ನು ಒಳ್ಳೆಯವಳು ಎನ್ನುವ ಮುನ್ನ ಒಂದು ಗಳಿಗೆ ನಿಂತು, ಅವಳು ನನ್ನಿಯವಳೋ, ಚಾಗಿಯೋ, ನಾಣ್ಯಸ್ಥೆಯೋ, ಗಟ್ಟಿಗಿತ್ತಿಯೋ ಎಂದು ಕೇಳಿಕೊಳ್ಳಿ. ಸರಿಯಾದ ಹೆಸರು ಹಿಡಿದು ಕರೆಸಿಕೊಂಡ ಮಗು ಆ ಗುಣವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದು ಇಷ್ಟು ವರ್ಷ ಮಕ್ಕಳ ನಡುವೆ ಇದ್ದು ನಾನು ಕಂಡುಕೊಂಡದ್ದು.